ಜರ್ಮನಿಯಲ್ಲಿ ಸಣ್ಣ ವ್ಯಾಪಾರ, ದಪ್ಪ ಫೈಲು

ಜರ್ಮನಿಯಲ್ಲಿ ನೌಕರಿ ಮಾಡಿಕೊಂಡೇ ಒಂದು ಸಣ್ಣ ಆನ್‌ಲೈನ್ ಅಂಗಡಿ ನಡೆಸುತ್ತಿದ್ದೇನೆ. ಕೈಮಗ್ಗದ ಹತ್ತಿ ಟವೆಲು, ಮೇಜಿನ ಹಾಸು, ದಿಂಬಿನ ಕವರ್, ಇಷ್ಟೇ ಸರಕು. ಭಾರತದಿಂದ ತರಿಸುತ್ತೇನೆ, ಇಲ್ಲಿ ಮಾರುತ್ತೇನೆ. ಸರಕಿನ ಬಗ್ಗೆ ಕೇಳುವವರಿಗಿಂತ ‘ಪರ್ಮಿಟ್ ಹೇಗೆ ಮಾಡಿಸಿದ್ರಿ’ ಅಂತ ಕೇಳುವವರೇ ಜಾಸ್ತಿ. ಬಿಡಿಬಿಡಿಯಾಗಿ ನೋಡಿದರೆ ಇಲ್ಲಿನ ಯಾವ ಕಾಗದವೂ ಕಷ್ಟದ್ದಲ್ಲ. ಯಾವುದು ಆದಮೇಲೆ ಯಾವುದು ಅಂತ ಗೊತ್ತಿಲ್ಲದಿದ್ದರೆ ಮಾತ್ರ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಸಾಮಾನ್ಯವಾಗಿ ಎಲ್ಲರೂ ಮೊದಲು ವ್ಯಾಪಾರ ನೋಂದಣಿ ಕಚೇರಿಗೆ, ಅಂದರೆ ಗೆವೆರ್ಬೆಆಮ್ಟ್‌ಗೆ ಓಡುತ್ತಾರೆ. ನಾನು ಮೊದಲು ತೆಗೆದು ನೋಡಿದ್ದು ನನ್ನ ವಾಸದ ಕಾರ್ಡಿನ ಜೊತೆ ಬಂದಿದ್ದ ಹಸಿರು ಹಾಳೆಯನ್ನು. ಮಡಚಿ ಪಾಸ್‌ಪೋರ್ಟಿನೊಳಗೆ ಇಟ್ಟುಬಿಡುತ್ತೇವಲ್ಲ, ಅದೇ. ಯಾವ ಕೆಲಸ ಮಾಡಬಹುದು, ಯಾವುದು ಕೂಡದು ಅಂತ ಬರೆದಿರುವುದು ಅದರಲ್ಲಿ. ನನ್ನದು ಬ್ಲೂ ಕಾರ್ಡ್. ಅದು ನೌಕರಿಗೆ ಅಂತ ಕೊಟ್ಟ ವಾಸದ ಪರವಾನಗಿ. ಸ್ವಂತ ವ್ಯಾಪಾರಕ್ಕೆ ಔಸ್‌ಲೆಂಡರ್‌ಬೆಹೋರ್ಡೆ, ಅಂದರೆ ವಿದೇಶಿಯರ ಕಚೇರಿಯ ಒಪ್ಪಿಗೆ ಬೇರೆಯೇ ಬೇಕು. ಕಾಯಂ ವಾಸದ ಪರವಾನಗಿ ಇರುವವರಿಗೆ ಈ ತಾಪತ್ರಯ ಇಲ್ಲ, ಅವರು ಮುಂದಿನ ಹಂತಕ್ಕೆ ಹೋಗಬಹುದು.

ವಾಸದ ಕಾಯ್ದೆಯ 21ನೇ ಕಲಮಿನ 6ನೇ ಉಪಕಲಮು ನಮ್ಮಂಥವರಿಗೇ ಇರುವುದು. ಬೇರೆ ಉದ್ದೇಶಕ್ಕೆ ಪರವಾನಗಿ ಪಡೆದವರು ಆ ಉದ್ದೇಶ ಬಿಡದೆ ಸ್ವಂತ ವ್ಯಾಪಾರವನ್ನೂ ಮಾಡಲು ಅದರಡಿ ಅನುಮತಿ ಸಿಗುತ್ತದೆ. ಅರ್ಜಿಯ ಮೊದಲ ಸಾಲಿನಲ್ಲೇ ಈ ಸಂಖ್ಯೆ ಬರೆದೆ. ಸುಮ್ನೆ ‘ವ್ಯಾಪಾರ ಮಾಡಬೇಕು’ ಅಂತ ಬರೆದರೆ ಪೂರ್ಣಕಾಲಿಕ ಉದ್ಯಮಿಗಳ ಸಾಲಿಗೆ ನಮ್ಮನ್ನು ಸೇರಿಸುವ ಸಾಧ್ಯತೆ ಇದೆ. ಅಲ್ಲಿ ವ್ಯಾಪಾರ ಯೋಜನೆ ಬೇಕು, ಬಂಡವಾಳದ ಲೆಕ್ಕ ಬೇಕು, 45 ದಾಟಿದವರು ವೃದ್ಧಾಪ್ಯಕ್ಕೆ ಏನು ಮಾಡಿಕೊಂಡಿದ್ದೀರಿ ಅಂತಲೂ ತೋರಿಸಬೇಕು. ಅರ್ಜಿಯ ಜೊತೆ ಎರಡೇ ಕಾಗದ ಇಟ್ಟೆ: ಏನು ಮಾರುತ್ತೇನೆ, ವಾರಕ್ಕೆ ಎಷ್ಟು ಗಂಟೆ ಅಂತ ಒಂದು ಪುಟ, ‘ನಮ್ಮ ಅಭ್ಯಂತರ ಇಲ್ಲ’ ಅಂತ ನನ್ನ ಕಂಪನಿಯ ಪತ್ರ. ಕೆಲಸದ ಕರಾರಿನಲ್ಲಿ ಉಪಕಸುಬಿನ ಬಗ್ಗೆ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ, ಹಾಗಾಗಿ ಆ ಪತ್ರವನ್ನು ಎಲ್ಲಕ್ಕಿಂತ ಮೊದಲೇ ತೆಗೆದುಕೊಂಡಿದ್ದೆ.

ಒಪ್ಪಿಗೆ ಬಂದಮೇಲೆ ನೋಂದಣಿ. ಇದು ಸಲೀಸು. ಶುಲ್ಕ ಊರಿಂದ ಊರಿಗೆ ಬೇರೆ, ಹೆಚ್ಚಿನ ಕಡೆ 20ರಿಂದ 60 ಯೂರೋ ಒಳಗೆ. ಆದರೆ ಆ ಫಾರಂನಲ್ಲಿ ‘ಏನು ವ್ಯಾಪಾರ’ ಅಂತ ಕೇಳುವ ಒಂದು ಖಾನೆ ಇದೆ, ಅಲ್ಲಿ ಪೆನ್ನು ಇಡುವ ಮೊದಲು ಯೋಚಿಸಬೇಕು. ‘ಎಲ್ಲ ಬಗೆಯ ಸರಕು’ ಅಂತ ಬರೆದರೆ ಬಿಡಿಸಿ ಹೇಳಿ ಅನ್ನುತ್ತಾರೆ. ‘ಹೊಲಿಗೆ’ ಅಂತ ಒಂದು ಪದ ಸೇರಿಸಿದರೆ ಕಥೆಯೇ ಬೇರೆ. ಹೊಲಿಗೆ ಇಲ್ಲಿ ಕುಶಲಕರ್ಮಿಗಳ ಕಸುಬು, ಕರಕುಶಲ ಮಂಡಳಿಯಲ್ಲಿ ನೋಂದಾಯಿಸಬೇಕು. ನಾನು ಬರೆದದ್ದು: ಮನೆಬಳಕೆ ಬಟ್ಟೆಗಳ ಆಮದು ಮತ್ತು ಆನ್‌ಲೈನ್ ಚಿಲ್ಲರೆ ಮಾರಾಟ. ಅಷ್ಟೇ. ವಾಣಿಜ್ಯ ಮಂಡಳಿ ಐಎಚ್‌ಕೆಗೆ ನೋಂದಣಿ ಕಚೇರಿಯವರೇ ತಿಳಿಸುತ್ತಾರೆ. ಅದರ ಸದಸ್ಯತ್ವ ಕಡ್ಡಾಯ, ಆದರೆ ಕಂಪನಿ ರಿಜಿಸ್ಟರಿನಲ್ಲಿ ಇಲ್ಲದ ನಮ್ಮಂಥ ಒಂಟಿ ವ್ಯಾಪಾರಿಗಳಿಗೆ ವರ್ಷದ ಲಾಭ 5,200 ಯೂರೋ ದಾಟದಿದ್ದರೆ ಚಂದಾ ಇಲ್ಲ.

ತೆರಿಗೆ ಕಚೇರಿಯ ಪ್ರಶ್ನಾವಳಿಯೇ ನಿಜವಾದ ಕೆಲಸ. ಅದನ್ನು ಯಾರೂ ಮನೆಗೆ ಕಳಿಸುವುದಿಲ್ಲ. ವ್ಯಾಪಾರ ಶುರುವಾದ ಒಂದು ತಿಂಗಳೊಳಗೆ ನಾವೇ ತೆರಿಗೆ ಇಲಾಖೆಯ ಎಲ್‌ಸ್ಟರ್ ಪೋರ್ಟಲ್‌ನಲ್ಲಿ ತುಂಬಬೇಕು. ಎಲ್‌ಸ್ಟರ್ ಖಾತೆ ತೆರೆಯಲು ಅರ್ಧ ಗುರುತು ಈಮೇಲ್‌ನಲ್ಲಿ, ಇನ್ನರ್ಧ ಅಂಚೆಯಲ್ಲಿ ಬರುತ್ತದೆ. ಡಿಜಿಟಲ್ ಆಡಳಿತ ಅಂದ್ರೆ ಇದು! ಹಾಗಾಗಿ ನೋಂದಣಿಗೂ ಮುಂಚೆಯೇ ಆ ಖಾತೆ ತೆರೆದಿಟ್ಟುಕೊಂಡಿದ್ದೆ.

ಪ್ರಶ್ನಾವಳಿಯಲ್ಲಿ ಎರಡು ಜಾಗ ನಿಧಾನವಾಗಿ ನೋಡಿದೆ. ಒಂದು, ಲಾಭದ ಅಂದಾಜು. ಉತ್ಸಾಹದಲ್ಲಿ ದೊಡ್ಡ ಅಂಕಿ ಬರೆದರೆ ಅದನ್ನೇ ನಂಬಿ ಮುಂಗಡ ತೆರಿಗೆ ಹಾಕುತ್ತಾರೆ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್ 10ಕ್ಕೆ ಕಟ್ಟಬೇಕು, ಒಂದು ಟವೆಲೂ ಮಾರಿರದಿದ್ದರೂ. ಎರಡು, ‘ಸಣ್ಣ ಉದ್ಯಮಿ’ ರಿಯಾಯಿತಿ. 2025ರಿಂದ ಹಿಂದಿನ ವರ್ಷದ ವಹಿವಾಟು 25,000 ಯೂರೋ ಒಳಗಿದ್ದರೆ ಇದು ಸಿಗುತ್ತದೆ. ಆಗ ಗಿರಾಕಿಯಿಂದ ಮೌಲ್ಯವರ್ಧಿತ ತೆರಿಗೆ ತೆಗೆದುಕೊಳ್ಳಬೇಕಿಲ್ಲ. ಗೆಳೆಯರೆಲ್ಲ ಕಣ್ಣುಮುಚ್ಚಿ ತಗೋ ಅಂದರು. ನಾನು ತೆಗೆದುಕೊಳ್ಳಲಿಲ್ಲ. ಸರಕು ಹೊರದೇಶದಿಂದ ಬರುವಾಗ ಕಸ್ಟಮ್ಸ್‌ನಲ್ಲಿ 19% ಆಮದು ಮೌಲ್ಯವರ್ಧಿತ ತೆರಿಗೆ ಕಟ್ಟುತ್ತೇವೆ. ರಿಯಾಯಿತಿ ಪಡೆದವರಿಗೆ ಆ ದುಡ್ಡು ವಾಪಸ್ ಬರುವುದಿಲ್ಲ, ಹೋಯಿತು ಅಂತಲೇ ಲೆಕ್ಕ. ಮಾಮೂಲಿ ತೆರಿಗೆಯಲ್ಲಿ ಇರುವವರು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಮುರಿದುಕೊಳ್ಳಬಹುದು. ಆದರೆ ಒಮ್ಮೆ ರಿಯಾಯಿತಿ ಬೇಡ ಅಂದರೆ ಐದು ವರ್ಷ ಹಿಂದೆ ಸರಿಯುವಂತಿಲ್ಲ, ಆಗಾಗ ಲೆಕ್ಕ ಸಲ್ಲಿಸುವ ಕೆಲಸವೂ ಇದೆ. ಸೇವೆ ಮಾರುವವರಾದರೆ ಗೆಳೆಯರ ಸಲಹೆಯೇ ಸರಿ ಇರಬಹುದು. ಆಮದು ಮಾಡುವವರು ಮೊದಲು ಕಾಗದ ಪೆನ್ನು ಹಿಡಿದು ಕೂರಬೇಕು.

ಪ್ರಶ್ನಾವಳಿ ಕಳಿಸಿದ ಮೇಲೆ ವ್ಯಾಪಾರದ ತೆರಿಗೆ ಸಂಖ್ಯೆ ಬರುತ್ತದೆ. ಅದು ಬರುವ ತನಕ ಪೂರ್ಣ ಬಿಲ್ ಕೊಡುವ ಹಾಗಿಲ್ಲ. ಇಲ್ಲಿ ಬಂದ ಹೊಸದರಲ್ಲಿ ಸಿಕ್ಕ 11 ಅಂಕಿಯ ವೈಯಕ್ತಿಕ ಸಂಖ್ಯೆ ಅದಕ್ಕೆ ನಡೆಯುವುದಿಲ್ಲ. ಕಾಯುವ ಆ ಸಮಯದಲ್ಲಿ ಬೇರೆಯವನ್ನು ಮುಗಿಸಿದೆ. ಆಮದು ಮಾಡುವವರನ್ನು ಕಸ್ಟಮ್ಸ್‌ನವರು ಗುರುತಿಸುವ ಇಯೋರಿ ಸಂಖ್ಯೆ, ಇದು ಉಚಿತ. ಪ್ರತಿ ಬಟ್ಟೆಗೂ ನಾರಿನ ವಿವರದ ಚೀಟಿ, ಅದೂ ಜರ್ಮನ್‌ನಲ್ಲಿ: ‘100% ಬೌಮ್‌ವೊಲೆ’, ಅಂದರೆ ಹತ್ತಿ. ಆಮೇಲೆ ಲೂಸಿಡ್, ಅಂದರೆ ಪ್ಯಾಕಿಂಗ್ ಸಾಮಾನಿನ ನೋಂದಣಿ. 2019ರಿಂದ ಇರುವ ಈ ನಿಯಮಕ್ಕೆ ಕನಿಷ್ಠ ಮಿತಿಯೇ ಇಲ್ಲ. ಗಿರಾಕಿಗೆ ಕಳಿಸುವ ಮೊಟ್ಟಮೊದಲ ರಟ್ಟಿನ ಪೆಟ್ಟಿಗೆಗೂ, ಒಳಗೆ ತುರುಕಿದ ಕಾಗದಕ್ಕೂ ಲೆಕ್ಕ ಕೊಡಬೇಕು. ನೋಂದಣಿ ಪುಕ್ಕಟೆ, ಕಸ ಸಂಸ್ಕರಿಸುವ ಕಂಪನಿಯ ಜೊತೆಗಿನ ಕರಾರಿಗೆ ದುಡ್ಡು.

ನೋಂದಣಿ ಆದ ಕೂಡಲೇ ಅಂಚೆ ಡಬ್ಬ ತುಂಬತೊಡಗಿತು. ಅದರಲ್ಲಿ ಕೆಲವು ಅಪ್ಪಟ ಮೋಸ. ಸರ್ಕಾರಿ ಪತ್ರದ ಹಾಗೇ ಮುದ್ರೆ, ಬಾರ್‌ಕೋಡ್, ‘ವ್ಯಾಪಾರಿಗಳ ಪಟ್ಟಿಗೆ ಸೇರ್ಪಡೆ’ ಅಂತ ಒಂದು ಮೊತ್ತ, ಕೆಳಗೆ ಹಣ ಕಟ್ಟುವ ಚೀಟಿ. ಹಿಂದುಗಡೆ ಇರುವೆ ಗಾತ್ರದ ಅಕ್ಷರದಲ್ಲಿ ಇದು ‘ಆಫರ್’ ಅಂತ ಇರುತ್ತದೆ. ಕಟ್ಟಿದರೆ ಒಪ್ಪಿದಂತೆ! ನಾನು ಮೊದಲು ನೋಡುವುದು ಕೊನೆಯ ಪ್ಯಾರಾ. ಕಚೇರಿಯ ಆದೇಶವಾದರೆ ‘ಒಂದು ತಿಂಗಳೊಳಗೆ ಇಲ್ಲಿಗೆ ಆಕ್ಷೇಪಣೆ ಸಲ್ಲಿಸಬಹುದು’ ಎಂಬ ಮಾತು ಸಾಮಾನ್ಯವಾಗಿ ಅಲ್ಲಿರುತ್ತದೆ. ಹಳದಿ ಲಕೋಟೆ, ಅಂದರೆ ತಲುಪಿಸಿದ ದಿನವನ್ನು ದಾಖಲಿಸಿ ಕೊಡುವ ಸರ್ಕಾರಿ ಪತ್ರ ಬಂದರೆ ಮಾತ್ರ ಪತ್ರದ ಜೊತೆ ಲಕೋಟೆಯನ್ನೂ ಫೈಲಿಗೆ ಹಾಕುತ್ತೇನೆ. ಅಂಚೆಯವನು ಅದರ ಮೇಲೆ ಬರೆದ ತಾರೀಕಿನಿಂದಲೇ ಗಡುವು ಶುರು, ನಾವು ಊರಲ್ಲಿ ಇರಲಿ ಇಲ್ಲದಿರಲಿ.

ಇನ್ನೊಂದು ವಿಷಯ. ವೆಬ್‌ಸೈಟಿನಲ್ಲಿ ಹೆಸರು, ನಿಜವಾದ ವಿಳಾಸ ಹಾಕಲೇಬೇಕು, ಪೋಸ್ಟ್ ಬಾಕ್ಸ್ ಸಾಲದು. ಬಾಡಿಗೆ ಮನೆಯಲ್ಲಿ ಸರಕು ಇಡುವುದಾದರೆ ಮಾಲೀಕರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬೇರೆ ಊರಿಗೆ ಮನೆ ಬದಲಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮುಗಿಸಿಕೊಳ್ಳಿ. ಇಲ್ಲದಿದ್ದರೆ ನೋಂದಣಿಯನ್ನು ಹೊಸ ಊರಿಗೆ ಬದಲಿಸಬೇಕು, ತೆರಿಗೆ ಕಚೇರಿಯೂ ಬೇರೆ, ಬಿಲ್ಲಿನ ಮೇಲಿನ ಸಂಖ್ಯೆಯೂ ಬೇರೆ.