ಹಳೆ ಮನೆ ಕೊಳ್ಳುವ ಮುಂಚೆ ತಪಾಸಣೆ: ನೀರಿನ ಜಾಡು ಹಿಡಿದು ನೋಡಿ

ಬೆಂಗಳೂರಿನಲ್ಲಿ ಕಟ್ಟಿದ ಮನೆ ಕೊಳ್ಳುವವರು ಕಾಗದಪತ್ರಗಳನ್ನು ವಕೀಲರಿಗೆ ತಪ್ಪದೆ ತೋರಿಸುತ್ತಾರೆ. ಮನೆಯನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ತಪಾಸಣೆ ಕಾನೂನಿನ ಪ್ರಕಾರ ಕಡ್ಡಾಯವಲ್ಲ, ಖರ್ಚೂ ಕೊಳ್ಳುವವರದೇ. ಆದರೂ ಬಿಡಬೇಡಿ. ಬೆಲೆ ಮಾತಾದ ಮೇಲೆ, ಸೇಲ್ ಅಗ್ರಿಮೆಂಟಿಗೆ ಸಹಿ ಹಾಕುವ ಮೊದಲು ಮಾಡಿಸಿ. ಟೋಕನ್ ಕೊಡುವುದಾದರೆ 'ತಪಾಸಣೆಯಲ್ಲಿ ದೊಡ್ಡ ದೋಷ ಕಂಡರೆ ಹಣ ವಾಪಸ್' ಎಂದು ರಸೀದಿಯಲ್ಲೇ ಬರೆಸಿಕೊಳ್ಳಿ. ದೊಡ್ಡ ಅಡ್ವಾನ್ಸ್ ಕೊಟ್ಟ ಮೇಲೆ ಯಾವ ದೋಷ ಹೇಳಿದರೂ ಮಾರುವವರ ಕಿವಿಗೆ ಬೀಳುವುದಿಲ್ಲ.

ಒಬ್ಬ ಸಿವಿಲ್ ಎಂಜಿನಿಯರ್, ಒಬ್ಬ ಎಲೆಕ್ಟ್ರಿಷಿಯನ್ ಸಾಕು. ಇಬ್ಬರೂ ಬ್ರೋಕರ್ ಕಡೆಯವರಾಗಿರಬಾರದು. 30×40 ಸೈಟಿನ ಎರಡು ಮಹಡಿಗೆ ಅರ್ಧ ದಿನ ಇಟ್ಟುಕೊಳ್ಳಿ, ನೀವೂ ಜೊತೆಯಲ್ಲಿರಿ. ತಾರಸಿ ಬಾಗಿಲ ಬೀಗ, ಸಂಪಿನ ಮುಚ್ಚಳ, ಮೀಟರ್ ಬೋರ್ಡ್ ತೆರೆದಿರಬೇಕು, ಮೇಲಿನ ಟ್ಯಾಂಕ್ ತುಂಬಿರಬೇಕು ಎಂದು ಮೊದಲೇ ಹೇಳಿ. ಒಳ್ಳೆ ಮಳೆ ಬಿದ್ದ ಮರುದಿನ ಸಿಕ್ಕರೆ ಅದಕ್ಕಿಂತ ಒಳ್ಳೆ ದಿನವಿಲ್ಲ. ಇಡೀ ಮನೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಅದರ ಹಿಂದೆ ಏನಿದೆ ಎಂದು ಕೇಳಿ.

ತಾರಸಿಯಿಂದ ಶುರು ಮಾಡಿ. ಎರಡು ಬಕೆಟ್ ನೀರು ಸುರಿದರೆ ಅದು ಹರಿದು ಪೈಪಿನ ಬಾಯಿಗೆ ಹೋಗಬೇಕು. ಅಲ್ಲಲ್ಲೇ ನಿಂತರೆ ಇಳಿಜಾರು ಸರಿಯಿಲ್ಲ. ಪ್ಯಾರಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆ, ಪೈಪು ಮೋಲ್ಡ್ (ಕಾಂಕ್ರೀಟ್ ಚಾವಣಿ) ತೂರಿ ಇಳಿಯುವ ಜಾಗ ಇವೆರಡರಲ್ಲೇ ಸೋರಿಕೆ ಹೆಚ್ಚು. ಅಲ್ಲಿ ಬಿರುಕು ಕಂಡರೆ ಅದರ ನೇರ ಕೆಳಗಿನ ಕೋಣೆಗೆ ಹೋಗಿ ಚಾವಣಿ ನೋಡಿ.

ಬಚ್ಚಲುಮನೆಗೆ ಸಾವಕಾಶ ಕೊಡಿ. ಒಂದು ನಾಣ್ಯದಿಂದ ಟೈಲ್ಸ್ ಒಂದೊಂದನ್ನೂ ತಟ್ಟುತ್ತಾ ಬನ್ನಿ. ಗಟ್ಟಿಯಾಗಿ ಕೂತ ಟೈಲ್ 'ಟಕ್' ಎನ್ನುತ್ತದೆ, ಕೆಳಗೆ ಗಾರೆ ತುಂಬದೆ ಪೊಳ್ಳಾಗಿದ್ದರೆ 'ಡಬ್' ಎನ್ನುತ್ತದೆ. ಅಲ್ಲೊಂದು ಇಲ್ಲೊಂದು ಪೊಳ್ಳಿದ್ದರೆ ದೊಡ್ಡ ಮಾತಲ್ಲ. ನೀರು ಬೀಳುವ ಕಡೆ ಸಾಲಾಗಿ ಪೊಳ್ಳಿದ್ದರೆ ನೀರು ಒಳಗೆ ಕೂರುತ್ತದೆ. ಮಾರುವವರು ಒಪ್ಪಿದರೆ ನೀರು ನಿಲ್ಲಿಸುವ ಪರೀಕ್ಷೆಯನ್ನೂ ಮಾಡಿಸಿ: ನೀರು ಹೋಗುವ ಕಿಂಡಿಗೆ ಬಟ್ಟೆ ತುರುಕಿ, ಹೊಸ್ತಿಲು ದಾಟದಂತೆ ಒಂದೆರಡು ಇಂಚು ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು 24 ಗಂಟೆ ಬಿಡಿ. ಆವಿಯಾಗಿ ಕೊಂಚ ಇಳಿಯುವುದು ಸಹಜ. ಕೆಳಗಿನ ಚಾವಣಿಯಲ್ಲಿ ಕಪ್ಪು ಮಚ್ಚೆ ಮೂಡಿದರೆ ನೆಲ ಪೂರ್ತಿ ಕಿತ್ತು ವಾಟರ್‌ಪ್ರೂಫಿಂಗ್ ಮಾಡಬೇಕು. ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ತುಂಬಿದರೆ ಸಾಕು ಎನ್ನುವ ಮಾತಿಗೆ ಮರುಳಾಗಬೇಡಿ.

ಗೋಡೆಯ ತೇವ ಎಲ್ಲಿದೆ ಎನ್ನುವುದೇ ಅದು ಎಲ್ಲಿಂದ ಬಂತು ಎಂದು ಹೇಳುತ್ತದೆ. ನೆಲದಿಂದ ಮೂರು ಅಡಿಯೊಳಗೆ ಉದ್ದಕ್ಕೂ ಬಿಳಿ ಉಪ್ಪು ಬಿಟ್ಟಿದ್ದರೆ ಮಣ್ಣಿನ ತೇವ ಮೇಲೇರುತ್ತಿದೆ. ಕಿಟಕಿಯ ಸುತ್ತ ಇದ್ದರೆ ಸಜ್ಜದಿಂದಲೋ ಚೌಕಟ್ಟಿನ ಸಂದಿಯಿಂದಲೋ ಮಳೆನೀರು. ಗೋಡೆ ಮಧ್ಯದಲ್ಲಿ ಒಂದೇ ಕಡೆ ಇದ್ದರೆ ಒಳಗಿನ ಪೈಪು.

ಬಿರುಕು ಕಂಡ ಕೂಡಲೇ ಗಾಬರಿ ಬೇಡ. ದಾರದಷ್ಟು ಸಣ್ಣ ಗೀರು ಪ್ಲಾಸ್ಟರಿನದು. ಪಿಲ್ಲರ್ ಪಕ್ಕದಲ್ಲಿ ನೆಟ್ಟಗೆ ಇಳಿದ ಗೆರೆ ಇಟ್ಟಿಗೆಗೂ ಕಾಂಕ್ರೀಟಿಗೂ ಹೊಂದದೆ ಬರುವಂಥದ್ದು. ಆದರೆ ಕಿಟಕಿ ಮೂಲೆಯಿಂದ ಓರೆಯಾಗಿ ಮೆಟ್ಟಿಲು ಮೆಟ್ಟಿಲಾಗಿ ಹೋದ ಬಿರುಕಿನೊಳಗೆ ಎಟಿಎಂ ಕಾರ್ಡ್ ತೂರಿದರೆ ಪಾಯ ಒಂದು ಕಡೆ ಕುಸಿದಿದೆಯೇ ಎಂದು ಎಂಜಿನಿಯರ್ ನೋಡಲೇಬೇಕು. ಬೀಮಿನ ಅಡಿಯಲ್ಲಿ ಕಂಬಿಯ ಗುಂಟ ಸೀಳು, ಅದರಲ್ಲಿ ಕಂದು ಕಲೆ ಕಂಡರೆ ಇನ್ನೂ ಗಂಭೀರ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಒಳಗಿನಿಂದ ತಳ್ಳಿ ಕಾಂಕ್ರೀಟನ್ನೇ ಒಡೆಯುತ್ತದೆ. ಇಂಥ ಕಡೆ ಕಾಂಕ್ರೀಟನ್ನು ಒಡೆಯದೆಯೇ ಅದರ ಗಟ್ಟಿತನ ನೋಡುವ ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್ ಪರೀಕ್ಷೆ ಆಗದೆ ಮುಂದುವರಿಯಬೇಡಿ.

ಕರೆಂಟಿನ ವಿಷಯದಲ್ಲಿ ಮೊದಲು ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ನೋಡಿ. ಗೀಸರ್ ಒಂದೇ 2 ಕಿಲೋವ್ಯಾಟ್ ಎಳೆಯುತ್ತದೆ, ಮೇಲೆ ಎಸಿ, ಇಂಡಕ್ಷನ್ ಒಲೆ ಎಂದರೆ 3 ಕಿಲೋವ್ಯಾಟ್ ಸಾಲದು. ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರಬೇಕು, ಅದರ ಟೆಸ್ಟ್ ಗುಂಡಿ ಒತ್ತಿದರೆ ತಕ್ಷಣ ಆಫ್ ಆಗಬೇಕು. ಎಂಸಿಬಿ (ಲೋಡ್ ಮಿತಿಮೀರಿದರೆ ಆಫ್ ಆಗುವ ಸ್ವಿಚ್) ವೈರನ್ನು ಕಾಪಾಡುತ್ತದೆ, ಶಾಕ್‌ನಿಂದ ಮನುಷ್ಯರನ್ನು ಕಾಪಾಡುವುದು ಆರ್‌ಸಿಸಿಬಿ. ಗೀಸರ್ ಪಾಯಿಂಟಿನಲ್ಲಿ ಅರ್ಥಿಂಗ್ ಇದೆಯೇ ಎಂದು ಮೀಟರ್ ಇಟ್ಟು ಅಳೆಯಿಸಿ. ಮೂರು ತೂತಿನ ಪ್ಲಗ್ ಇದ್ದ ಮಾತ್ರಕ್ಕೆ ಹಿಂದೆ ಅರ್ಥ್ ವೈರ್ ಇದೆ ಎಂದಲ್ಲ.

ಸಂಪಿನ ಒಳಗೆ ಟಾರ್ಚ್ ಬಿಡಿ. ಮೋರಿಯ ಚೇಂಬರ್ ಪಕ್ಕದಲ್ಲೇ ಇದ್ದು ಸಂಪಿನ ಗೋಡೆಯಲ್ಲಿ ಒಸರು ಕಂಡರೆ ನೀರನ್ನು ಲ್ಯಾಬಿಗೆ ಕೊಡಿ. ಅಳತೆಯನ್ನೂ ತೆಗೆದುಕೊಳ್ಳಿ: ಉದ್ದ, ಅಗಲ, ಆಳ ಅಡಿಗಳಲ್ಲಿ ಗುಣಿಸಿ 28 ರಿಂದ ಗುಣಿಸಿದರೆ ಹೆಚ್ಚುಕಡಿಮೆ ಲೀಟರ್ ಸಿಗುತ್ತದೆ. ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಲೀಟರಿಗೆ 500 ಮಿಲಿಗ್ರಾಂ ದಾಟಿದರೆ ಕುಡಿಯಲು ಬೇರೆ ವ್ಯವಸ್ಥೆ ಯೋಚಿಸಿ. ಸೈಟ್ 60×40 ಅಥವಾ ದೊಡ್ಡದಾದರೆ ಹಳೆ ಮನೆಗೂ ಮಳೆನೀರು ಕೊಯ್ಲು ಕಡ್ಡಾಯ. ಜಲಮಂಡಳಿ ಬಿಲ್ಲಿನಲ್ಲಿ ದಂಡ ಸೇರಿದೆಯೇ ನೋಡಿ. ಹೊರಗೆ ಬಂದು ರಸ್ತೆ ಎತ್ತರವೋ ಮನೆಯ ನೆಲ ಎತ್ತರವೋ ಗಮನಿಸಿ. ಡಾಂಬರಿನ ಮೇಲೆ ಡಾಂಬರು ಹಾಕಿ ರಸ್ತೆ ಏರಿರುವ ಕಡೆ, ಹತ್ತಿರ ರಾಜಕಾಲುವೆಯೂ ಇದ್ದರೆ, ಕಾಂಪೌಂಡಿನ ಮೇಲೆ ಹಳೆ ನೀರಿನ ಗೆರೆ ಹುಡುಕಿ, ಪಕ್ಕದ ಮನೆಯವರನ್ನೂ ಕೇಳಿ.

ವರದಿಯಲ್ಲಿ ಮೂವತ್ತು ನಲವತ್ತು ದೋಷಗಳಿದ್ದರೆ ಹೆದರಬೇಡಿ. ಸಡಿಲ ನಲ್ಲಿ, ಬಿಗಿಯಾದ ಬಾಗಿಲು ಲೆಕ್ಕಕ್ಕಿಲ್ಲ. ಸೋರಿಕೆ, ವೈರಿಂಗ್, ಪ್ಲಂಬಿಂಗ್‌ಗೆ ಮೇಸ್ತ್ರಿಯಿಂದ ಅಂದಾಜು ಬರೆಸಿ ಅಷ್ಟು ಬೆಲೆ ಇಳಿಸಲು ಕೇಳಿ. ಪಾಯ, ಪಿಲ್ಲರ್, ಬೀಮಿನ ದೋಷವಾದರೆ ಹಿಂದೆ ಸರಿಯುವುದೇ ಲೇಸು. ಗೋಡೆಯೊಳಗಿನ ಪೈಪು, ಪಾಯದ ಆಳ ಯಾವ ತಪಾಸಣೆಗೂ ಕಾಣುವುದಿಲ್ಲ ಎಂಬುದೂ ಗೊತ್ತಿರಲಿ. ಮಾರುವವರು ತಾವೇ ರಿಪೇರಿ ಮಾಡಿಸುತ್ತೇವೆ ಎಂದರೆ ಏನು, ಯಾವ ದಿನದೊಳಗೆ ಎಂದು ಅಗ್ರಿಮೆಂಟಿನಲ್ಲಿ ಬರೆಸಿ, ನೋಂದಣಿಯ ಹಿಂದಿನ ದಿನ ಅದೇ ಎಂಜಿನಿಯರನ್ನು ಕರೆದುಕೊಂಡು ಹೋಗಿ ಇನ್ನೊಮ್ಮೆ ನೋಡಿ.