ಕರುಳಿನ ಬ್ಯಾನಿ ಇದ್ದವ್ರು ಹಣ್ಣಿನ ಜ್ಯೂಸ್ ಹ್ಯಾಂಗ ಕುಡೀಬೇಕು

ಕ್ರೋನ್ಸ್ ಇರ್ಲಿ, ಅಲ್ಸರೇಟಿವ್ ಕೊಲೈಟಿಸ್ ಇರ್ಲಿ (ಎರಡೂ ಕರುಳೊಳಗ ಬಾವು, ಹುಣ್ಣು ಆಗಿ ವರ್ಷಗಟ್ಟಲೆ ಇರೋ ಬ್ಯಾನಿ), ಜ್ಯೂಸ್ ಔಷಧ ಅಲ್ರಿ. ಯಾವ ಹಣ್ಣಿನ ರಸಾನೂ ಕರುಳಿನ ಹುಣ್ಣು ಮಾಯಿಸಂಗಿಲ್ಲ. ಮೆಸಲಮಿನ್, ಅಜಥಯೋಪ್ರಿನ್, ಡಾಕ್ಟರ್ ಏನ್ ಬರದಾರೋ ಅದು ನಡೀತಿರ್ಲಿ, ಅದರ ಜೋಡಿ ಜ್ಯೂಸ್. ನಮ್ಮ ಕಲಬುರಗಿ ಕಡಿ ಯಾರರೆ "ದಾಳಿಂಬ್ರಿ ರಸ ಕುಡೀರಿ, ಎಲ್ಲಾ ಆರಾಮ ಆಗ್ತದ" ಅಂದ ಕೂಡ್ಲೆ ಗುಳಿಗಿ ಬಿಡೋ ಮಂದಿ ಅದಾರ, ಆರಾಮ ಅನಿಸಿದಾಗ ಗುಳಿಗಿ ಬಿಟ್ರ ಬ್ಯಾನಿ ತಿರುಗಿ ಎದ್ದು ಬರೋ ಸಾಧ್ಯತೆ ಜಾಸ್ತಿ, ಅದನ್ನ ನೋಡಿದ್ರ ನನಗ ಭಾಳ ಸಂಕಟ ಆಗ್ತದ.

ಬ್ಯಾನಿ ಜೋರ ಇದ್ದು ಮ್ಯಾಲಿಂದ ಮ್ಯಾಲ ಸಂಡಾಸ ಹತ್ತಿದ್ರ ಜ್ಯೂಸ್ ಬದಿಗಿಡ್ರಿ. ಸಿಹಿ ಜಾಸ್ತಿ ಆದ್ರ ಅದು ಕರುಳೊಳಗ ನೀರ ಎಳ್ಕೊಂಡು ಸಂಡಾಸ ಇನ್ನೂ ತೆಳ್ಳಗ ಮಾಡ್ತದ. ಸೇಬು, ಪೇರ್ ಹಣ್ಣಿನ ರಸದಾಗ ಕರುಳು ಪೂರ್ತಿ ಹೀರ್ಕೊಳ್ಳದ ಸಾರ್ಬಿಟಾಲ್ ಅನ್ನೋ ಸಿಹಿ ಪದಾರ್ಥ ಇರ್ತದ, ಅದಂತೂ ಬ್ಯಾಡೇ ಬ್ಯಾಡ. ಆಗ ಓಆರ್‌ಎಸ್ಸೇ ಬೇಕು, ದೊಡ್ಡ ಪ್ಯಾಕೆಟ್ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗಿ, 24 ತಾಸಿನೊಳಗ ಮುಗಿಸ್ರಿ, ಉಳಿದ್ರ ಚೆಲ್ರಿ.

ಹೊಟ್ಟಿ ಶಾಂತ ಆದ ಮ್ಯಾಲ ಮೋಸಂಬಿಯಿಂದ ಶುರು ಮಾಡ್ರಿ. ನಮ್ಮ ತಂಗಿಗಿ ಕೊಲೈಟಿಸ್ ಅದ, ಅಕಿಗಿ ಮಾಡೋದು ಹಿಂಗ: ಹಣ್ಣು ತೊಳದು, ಅಡ್ಡ ಕೊಯ್ದು ಕೈಲೇ ಹಿಂಡ್ತೀವಿ, ಮಿಕ್ಸಿಗಿ ಹಾಕಂಗಿಲ್ಲ ಯಾಕಂದ್ರ ಬೀಜ, ಬಿಳಿ ಸಿಪ್ಪಿ ಅರದು ಕಹಿ ಆಗ್ತದ. ಆಮ್ಯಾಲ ತೆಳು ಅರಬಿಯೊಳಗ ಸೋಸಿ, ನಾರು ಪೂರ್ತಿ ತಗದು, ರಸ ಎಷ್ಟೋ ಅಷ್ಟೇ ನೀರ ಕೂಡಿಸ್ತೀವಿ. ಸಕ್ರಿ ಹಾಕಬ್ಯಾಡ್ರಿ. ಅರ್ಧ ಗ್ಲಾಸ್ ಸಾಕು, ಖಾಲಿ ಹೊಟ್ಟಿಗಿ ಅಲ್ಲ, ಊಟ ಆದ ಮ್ಯಾಲ ಗುಟುಕು ಗುಟುಕಾಗಿ. ಎರಡ್ಮೂರು ದಿನ ಅದೊಂದೇ ಹಣ್ಣು ಕುಡದು ನೋಡ್ರಿ, ಹೊಟ್ಟಿ ಹ್ಯಾಂಗ ಇತ್ತು ಅಂತ ಬರದಿಟ್ಕೋರಿ, ಒಗ್ಗಿದ್ರನೇ ಮುಂದಿನ ಹಣ್ಣು. ಒಬ್ಬರಿಗಿ ಒಗ್ಗಿದ್ದು ಇನ್ನೊಬ್ಬರಿಗಿ ಒಗ್ಗಂಗಿಲ್ಲ.

ಕರುಳಿನ ಒಳದಾರಿ ಸಣ್ಣಗಾಗೇದ ಅಂತ ಡಾಕ್ಟರ್ ಹೇಳಿದ್ರ ಇನ್ನೂ ಹುಷಾರಿರಬೇಕು. ನಮ್ಮ ಬೀದರ ಪ್ಯಾರಲ ಎಷ್ಟೇ ರುಚಿ ಇರ್ಲಿ, ಅದರ ಬೀಜ, ಸಿಪ್ಪಿ ಸಿಕ್ಕೊಂಡು ಕರುಳು ಕಟ್ಟಬಹುದು. ಹೊಟ್ಟಿ ಉಬ್ಬಿ, ವಾಂತಿ ಆಗಿ, ಗಾಳಿ ಹೋಗೋದು ನಿಂತ್ರ ಮನ್ಯಾಗ ಕೂಡಬ್ಯಾಡ್ರಿ, ಅವತ್ತೇ ದವಾಖಾನಿಗಿ ಹೋಗ್ರಿ. ರಕ್ತ ಜಾಸ್ತಿ ಬಿದ್ರೂ, ಜ್ವರ ಬಂದ್ರೂ ಹಂಗೇ.

ರಕ್ತ ಕಡಿಮಿ ಇದ್ದು ಕಬ್ಬಿಣದ ಗುಳಿಗಿ ನುಂಗವ್ರಿಗಿ ಮೋಸಂಬಿ ಖರೇನೇ ಉಪಯೋಗ, ಅದರೊಳಗಿನ ವಿಟಮಿನ್ ಸಿ ಕಬ್ಬಿಣ ಹೀರ್ಕೊಳ್ಳಾಕ ನೆರವಾಗ್ತದ. ಆದ್ರ ಬುಡೆಸೊನೈಡ್ ಅನ್ನೋ ಸ್ಟೀರಾಯ್ಡ್ ತಗೊಳ್ಳವ್ರು ಗ್ರೇಪ್‌ಫ್ರೂಟ್ ಮುಟ್ಟಬ್ಯಾಡ್ರಿ, ಅದು ರಕ್ತದಾಗ ಔಷಧದ ಪ್ರಮಾಣ ಏರಿಸ್ತದ, ಅದೇ ಜಾತಿಯ ಚಕೋತನೂ ಡಾಕ್ಟರ್‌ಗಿ ಕೇಳಿನೇ. ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ನಡದಿದ್ರ ಅದೇ ಶುಗರ್ ಏರಿಸ್ತದ, ಮ್ಯಾಲ ಗ್ಲಾಸ್‌ಗಟ್ಟಲೆ ಜ್ಯೂಸ್ ಬ್ಯಾಡ.

ಇನ್ನ ಬ್ಯಾಸಗಿ. ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟ್ತದ, ರೋಡ್ ಬಾಜೂಕ ಕಬ್ಬಿನ ಹಾಲು, ಕಲ್ಲಂಗಡಿ ಜ್ಯೂಸ್ ಕಂಡ್ರ ಮನಸ್ಸು ತಡಿಯಂಗಿಲ್ಲ, ಆದ್ರ ಅಜಥಯೋಪ್ರಿನ್ ಹಂಗ ರೋಗನಿರೋಧಕ ಶಕ್ತಿ ತಗ್ಗಿಸೋ ಗುಳಿಗಿ ನುಂಗವ್ರಿಗಿ ಆ ಬರ್ಫ, ಆ ನೀರು ಭಾಳ ಅಪಾಯ. ಹೊರಗ ಹೋಗುವಾಗ ಮನ್ಯಾಗಿನ ನೀರಿನ ಬಾಟಲಿ ಒಯ್ರಿ, ತೀರಾ ಬಾಯಾರಿದ್ರ ಕಣ್ಮುಂದ ಕೆತ್ತಿದ ಎಳನೀರು ಕುಡೀರಿ.