ಮಾರ್ನೆಮಿಗೆ ಗಾಜಿನ ಬಳೆ ಕೊಡುವುದಾದರೆ, ಕೈ ನೋಡಿ ಕೊಡಿ

ಮಾರ್ನೆಮಿ, ಅಂದರೆ ನವರಾತ್ರಿ ಹತ್ತಿರ ಬಂದರೆ ಒಂದೇ ಅಳತೆಯ ಬಳೆ ಹತ್ತು ಡಜನ್ ಕಟ್ಟಿಸಿ, ರವಿಕೆ ಕಣ, ಅರಿಶಿನ ಕುಂಕುಮದ ಜೊತೆ ಎಲ್ಲರಿಗೂ ಹಂಚಿಬಿಡುವ ಅಭ್ಯಾಸ ಜಾಸ್ತಿಯಾಗಿದೆ. ಒಬ್ಬರಿಗೆ ಸಡಿಲ, ಒಬ್ಬರಿಗೆ ಕೈಗೇ ಹೋಗುವುದಿಲ್ಲ. ಕೊನೆಗೆ ಬಳೆ ಕಪಾಟಿನಲ್ಲೇ ಉಳಿಯುತ್ತದೆ. ಹೊಸ ತೆನೆಯನ್ನು ಮಾವು, ಹಲಸಿನ ಎಲೆಯ ಜೊತೆ ಬಾಗಿಲಿಗೆ ಕಟ್ಟಿ, ಹೊಸ ಅಕ್ಕಿ ಊಟ ಮಾಡಿ ಗದ್ದೆಗೆ ಕೈ ಮುಗಿಯುವವರು ನಾವು. ಆ ಗದ್ದೆಯಲ್ಲಿ ಬಗ್ಗಿ ನೇಜಿ (ಭತ್ತದ ಸಸಿ) ನೆಟ್ಟ ಕೈಗಳಿಗೂ ಏನಾದರೂ ಸಲ್ಲಬೇಕಲ್ವಾ?

ಮೊದಲು ಹೆಸರು ಬರೆದುಕೊಳ್ಳಿ. ನೆಂಟರ ಪಟ್ಟಿಯಲ್ಲ, ಈ ವರ್ಷ ನಿಮಗೆ ನಿಜವಾಗಿ ಆದವರದ್ದು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಗಂಜಿ ತಂದುಕೊಟ್ಟ ಪಕ್ಕದ ಮನೆಯವರು, ಅಂಗನವಾಡಿ ಟೀಚರ್, ದಿನಾ ಮೀನು ತರುವ ಅಕ್ಕ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬಕ್ಕೆ, ಊಟಕ್ಕೆ ಕರೆದ ಕ್ರೈಸ್ತರ ಮನೆಯ ಬಾಯಿಯವರನ್ನೂ ಮರೆಯಬೇಡಿ. ಅವರ ಮದುವೆಯಲ್ಲೂ ಚುಡೊ ಎಂದರೆ ಬಳೆ ತೊಡಿಸುವ ಶಾಸ್ತ್ರವೇ.

ಆಮೇಲೆ ಅಳತೆ. ಅಂಗಡಿಯಲ್ಲಿ 2-4, 2-6, 2-8 ಅಂತ ಹೇಳುತ್ತಾರಲ್ಲ, ಅದು ದಶಮಾಂಶ ಅಲ್ಲ. ಎರಡನೇ ಅಂಕೆ ಇಂಚಿನ ಹದಿನಾರನೇ ಭಾಗದ ಲೆಕ್ಕ. ಅಂದರೆ 2-4 ಬಳೆಯ ಒಳ ಅಗಲ ಎರಡೂ ಕಾಲು ಇಂಚು, 2-8 ಎರಡೂವರೆ ಇಂಚು. ಹೆಬ್ಬೆರಳನ್ನು ಅಂಗೈ ಒಳಗೆ ಮಡಚಿ, ಗೆಣ್ಣುಗಳ ಮೇಲೆ ಕೈ ಅತಿ ಅಗಲ ಇರುವ ಕಡೆ ದಾರ ಸುತ್ತಿ ನೋಡಿ. ಸುಮಾರು 18 ಸೆಂಟಿಮೀಟರ್ ಬಂದರೆ 2-4, 19 ಬಂದರೆ 2-6, 20 ಬಂದರೆ 2-8. ದುಡಿಯುವ ಕೈಯ ಗೆಣ್ಣು ದಪ್ಪ ಇರುತ್ತದೆ, ಮಣಿಕಟ್ಟು ನೋಡಿ ಅಂದಾಜು ಮಾಡಿದರೆ ತಪ್ಪುತ್ತದೆ. ದಾರ ಸುತ್ತುವುದು ಮುಜುಗರ ಅನಿಸಿದರೆ "ಅಕ್ಕಾ, ನಿಮ್ಮದೊಂದು ಹಳೆ ಬಳೆ ಕೊಡ್ತೀರಾ, ಅಳತೆಗೆ?" ಅಂತ ಕೇಳಿ. ಕೊಡುತ್ತಾರೆ.

ಇನ್ನು ಗಾಜು. ನಮ್ಮ ಅಂಗಡಿಗಳಿಗೂ ಬಳೆ ಬರುವುದು ಹೆಚ್ಚಾಗಿ ಆಗ್ರಾ ಹತ್ತಿರದ ಫಿರೋಜಾಬಾದಿನಿಂದ. ಮರಳು, ಸೋಡಾ, ಸುಣ್ಣ, ಒಡೆದ ಗಾಜು ಎಲ್ಲ ಸೇರಿಸಿ ಕುಲುಮೆಯಲ್ಲಿ ಕರಗಿಸಿ, ತಿರುಗುವ ಕೋಲಿಗೆ ಎಳೆ ಎಳೆಯಾಗಿ ಸುತ್ತುತ್ತಾರೆ. ಸ್ಪ್ರಿಂಗ್‌ನಂತೆ ಬಂದ ಆ ಸುರುಳಿಯನ್ನು ಉದ್ದಕ್ಕೆ ಕೊರೆದರೆ ಬಾಯಿ ಬಿಟ್ಟ ಉಂಗುರಗಳು ಸಿಗುತ್ತವೆ. ಅವುಗಳ ಎರಡು ತುದಿಯನ್ನು ಒಂದೊಂದಾಗಿ ಬೆಂಕಿಗೆ ಹಿಡಿದು ಕೂಡಿಸುತ್ತಾರೆ. ಈ ಕೆಲಸ ಮನೆಮನೆಗಳಲ್ಲಿ ನಡೆಯುತ್ತದೆ, ಮಾಡುವವರಲ್ಲಿ ಹೆಂಗಸರೇ ಹೆಚ್ಚು. ಹಾಗಾಗಿ ಬಳೆ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಆ ಬೆಸುಗೆ. ಒಳಗಡೆ ಬೆರಳು ಆಡಿಸಿ. ತುದಿಗಳು ಮೇಲೆ ಕೆಳಗೆ ಕೂತಿದ್ದರೆ, ಚುಚ್ಚಿದರೆ ಬೇಡ. ಎರಡು ಬಳೆ ಮೆಲ್ಲ ತಾಗಿಸಿದಾಗ ಸದ್ದು ಮಂಕಾಗಿ ಬಂದರೆ ಎಲ್ಲೋ ಬಿರುಕಿದೆ ಅಂತ. ಒಳಗೆ ಸಣ್ಣ ಗುಳ್ಳೆ ಕಂಡರೆ ಚಿಂತೆ ಇಲ್ಲ.

ಪಾತ್ರೆ ತೊಳೆಯುವ, ಬೀಡಿ ಕಟ್ಟುವ ಕೈಗೆ ಜರಿ ಹಚ್ಚಿದ ಬಳೆ ಸುಮ್ನೆ ದಂಡ, ಮಿನುಗು ಉದುರಿ ಹೋಗುತ್ತದೆ. ಬಣ್ಣ ಗಾಜಿನಲ್ಲೇ ಬೆರೆತಿರುವ ಸಾದಾ ಹಸಿರು, ಕೆಂಪು ಕೊಡಿ.

ಸಾಧ್ಯವಾದರೆ ನೀವೇ ತೊಡಿಸಿ. ಕೈಗೆ ಸ್ವಲ್ಪ ಸಾಬೂನು ನೀರು ಸವರಿ, ಹೆಬ್ಬೆರಳು ಒಳಗೆ ಮಡಚಿಸಿ, ಅಂಗೈ ಸಡಿಲ ಬಿಡಲು ಹೇಳಿ. ಒಂದೊಂದೇ ಬಳೆ ಹಾಕಿ. ಗೆಣ್ಣಿನ ಹತ್ತಿರ ದೂಡಬಾರದು, ಮೆಲ್ಲ ತಿರುಗಿಸಬೇಕು.

ಒಂದು ಮಾತು ಒತ್ತಿ ಹೇಳಬೇಕು. ಗಂಡ ತೀರಿಕೊಂಡವರನ್ನು ಪಟ್ಟಿಯಿಂದ ಬಿಡಬೇಡಿ. 2013ರ ನವರಾತ್ರಿಯ ಹೊತ್ತಿಗೆ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ಇಬ್ಬರು ವಿಧವೆಯರನ್ನೇ ಅರ್ಚಕರನ್ನಾಗಿ ಮಾಡಿದರು. ದೇವರ ಪೂಜೆಗೆ ಸಲ್ಲುವ ಕೈ ನಮ್ಮ ಬಳೆಗೆ ಸಲ್ಲುವುದಿಲ್ಲವೇ? ಆದರೆ ಎಲ್ಲರೆದುರು ಕೇಳಬೇಡಿ, ಅವರ ಮನೆಗೆ ಹೋಗಿ "ಬಳೆ ತಂದಿದ್ದೇನೆ ಅಮ್ಮಾ, ಹಾಕಿಸ್ಕೊಳ್ತೀರಾ?" ಅಂತ ಕೇಳಿ. ಬೇಡ ಅಂದರೆ ಒತ್ತಾಯ ಮಾಡಬೇಡಿ, ಒಂದು ಸೇರು ಹೊಸ ಅಕ್ಕಿ ಕೊಟ್ಟು ಕೂತು ಮಾತಾಡಿ ಬನ್ನಿ.

ಒಡೆದ ಬಳೆ ಚೂರನ್ನು ಹಸಿ ಕಸಕ್ಕೆ ಹಾಕಬೇಡಿ. ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ ಗಾಜು ಅಂತ ಬರೆದು ಬೇರೆ ಕೊಡಿ, ಕಸ ವಿಂಗಡಿಸುವವರ ಕೈ ಕೊಯ್ಯುತ್ತದೆ.